ಕೊಸರು ಉಚಿತ

ದರ ಹೇಳುವ ಮೊದಲು ನಸೀಮಾ ಕನ್ನಡಕ ತೆಗೆದು ದುಪಟ್ಟಾದಿಂದ ಒರೆಸುತ್ತಿದ್ದಳು. ಎದುರಿಗೆ ಕೂತವರ ಮುಖ ಮಸುಕಾಗದೆ ಆಕೆಯ ಬಾಯಿಂದ ದುಡ್ಡಿನ ಮಾತು ಹೊರಡುತ್ತಿರಲಿಲ್ಲ. ಹೇಳಿ ಮುಗಿದ ಮೇಲೆ ಕನ್ನಡಕ ಏರಿಸಿ, ಗಿರಾಕಿ ಇನ್ನೂ ಕೂತಿದ್ದಾನೋ ಎದ್ದು ಹೋದನೋ ಎಂದು ನೋಡುವಳು.

ತರೀಕೆರೆ ಬಸ್ ಸ್ಟ್ಯಾಂಡಿನ ಎದುರು, ಬೇಕರಿಯ ಮೇಲಿನ ಕೋಣೆಯಲ್ಲಿ ಆಕೆಯ ಆಫೀಸು. ಕಂಪ್ಯೂಟರ್ ಪಾಠ ಹೇಳುವ ಕೆಲಸ ಬಿಟ್ಟು, ಸಣ್ಣ ವ್ಯಾಪಾರಿಗಳಿಗೆ ಮೊಬೈಲ್ ಆ್ಯಪ್ ಮಾಡಿಕೊಡಲು ಒಬ್ಬಳೇ ಕೂತಿದ್ದಳು. ನನಗೆ ಅಜ್ಜಂಪುರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿದೆ. ಕರಪತ್ರ ಮಾಡಿಸಲು ಬಂದವಳು, "ಎಷ್ಟು ಹೇಳ್ಲಿ ಸಾರ್? ನಲವತ್ತು ಸಾವಿರ ಅಂದ್ರೆ ಜಾಸ್ತಿ ಆಯ್ತದಾ?" ಎಂದು ಕೇಳಿದಳು.

"ನಲವತ್ತಾ? ಮೆಟ್ಟಿಲು ಹತ್ತಿದೋರು ಹಂಗೇ ಇಳೀತಾರೆ ಕಣಮ್ಮ," ಎಂದೆ.

ಹದಿನೈದಕ್ಕೆ ಇಳಿಸಿದವನು ನಾನು. ಅಷ್ಟಕ್ಕೆ ಸುಮ್ಮನಿರದೆ, "ಏಳು ದಿನದಲ್ಲಿ ಆ್ಯಪ್, ಕೊಸರು ಉಚಿತ" ಎಂದು ಬರೆದುಕೊಟ್ಟವನೂ ನಾನೇ. ನಮ್ಮ ಕಡೆ ತೆಂಗಿನಕಾಯಿ ಎಣಿಸಿ ಮುಗಿದ ಮೇಲೆ ಇನ್ನೂ ನಾಲ್ಕು ಕೊಸರು ಹಾಕದಿದ್ದರೆ ವ್ಯಾಪಾರ ಮಾಡಿದಂತೆಯೇ ಅಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ.

ಮೊದಲ ಗಿರಾಕಿ ಚೌಳಹಿರಿಯೂರಿನ ಕಾಯಿ ವ್ಯಾಪಾರಿ. ಏಳನೇ ದಿನ ಆ್ಯಪ್ ಅವನ ಕೈಗೆ ಬಂತು. ಎಂಟನೇ ದಿನ ಮತ್ತೆ ಮೆಟ್ಟಿಲು ಹತ್ತಿದ. "ಕೊಸರು ಅಂತ ಬರ್ದಿದೀಯಲ್ಲಮ್ಮ. ಲಾರಿ ಎಲ್ಲೈತೆ ಅಂತ ತೋರ್ಸೋದೊಂದು ಹಾಕ್ಬಿಡು. ನಿನ್ ಗಂಟೇನು ಹೋಯ್ತದೆ?"

ಅದಕ್ಕೆ ಹತ್ತು ದಿನ ಹಿಡಿಯಿತು. ಕಾಯಿಯ ಕೊಸರು ನಾಲ್ಕಕ್ಕೆ ಮುಗಿಯುತ್ತದೆ, ಆ್ಯಪಿನದು ಮುಗಿಯುವುದೇ ಇಲ್ಲ ಎಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಶಿವನಿಯ ಗೊಬ್ಬರದಂಗಡಿಯವನು, ಕಡೂರಿನ ಟೈಲರ್, ಬಂದವರೆಲ್ಲ ಕೊಸರು ಕೇಳಿದರು. ಹೊಸ ಕೆಲಸ ಹಿಡಿಯಲು ಆಕೆಗೆ ಪುರಸೊತ್ತೇ ಇಲ್ಲ. ಆ ಮಾತು ತೆಗೆದು ಬೇರೆ ಕರಪತ್ರ ಹಾಕೋಣ ಎಂದರೆ, "ಒಂದ್ಸಲ ಹೇಳ್ಬಿಟ್ಟಿದೀನಲ್ಲ ಸಾರ್, ಹೆಂಗೆ ಇಲ್ಲ ಅನ್ಲಿ?" ಎನ್ನುವಳು.

ನಾನೂ ಒಂದು ಆ್ಯಪ್ ಮಾಡಿಸಿಕೊಂಡಿದ್ದೆ, ಲಗ್ನಪತ್ರಿಕೆಯ ಮಾದರಿಗಳನ್ನು ತೋರಿಸಲು. ಒತ್ತಿದರೆ ನಾದಸ್ವರ ಕೇಳಿಸುವ ಬಟನ್ ಒಂದಿದ್ದರೆ ಚೆನ್ನ ಅನ್ನಿಸಿ, ಅದನ್ನು ಕೊಸರಾಗಿ ಕೇಳಲು ಹೋದೆ.

"ನಾಳೆ ಶಿವಮೊಗ್ಗಕ್ಕೆ ಹೋಗ್ಬೇಕು ಸಾರ್. ಎದೇಲಿ ಗಡ್ಡೆ ಐತೆ, ಟೆಸ್ಟ್ ಮಾಡಿಸ್ಬೇಕು ಅಂದವ್ರೆ ಡಾಕ್ಟ್ರು. ಬಂದು ಮಾಡ್ಲಾ?"

"ಆಸ್ಪತ್ರೆ ಎಲ್ಲಿಗೂ ಓಡೋಗಲ್ಲ ಕಣಮ್ಮ. ಲಗ್ನದ ಸೀಸನ್ ಹೋಗ್ಬಿಡ್ತದೆ," ಎಂದೆ. ನಗುತ್ತಲೇ ಎಂದೆ.

ನಸೀಮಾ ಕನ್ನಡಕ ತೆಗೆದು ಒರೆಸಿದಳು. ಈಗ ಹೇಳಬೇಕಾದ ದರವೇನೂ ಇರಲಿಲ್ಲ. "ಆಯ್ತು ಸಾರ್," ಎಂದಳು.

ಪರೀಕ್ಷೆಗೆ ಹೋಗುವ ದಿನವನ್ನು ಗಿರಾಕಿಗಳಿಗಾಗಿ ಮೊದಲೇ ಎರಡು ಸಲ ಮುಂದೂಡಿದ್ದಳಂತೆ. ಆಕೆಯ ತಾಯಿ ಆಮೇಲೆ ಹೇಳಿದರು. ಮೂರನೆಯದು ನನ್ನದು. ಕಡೆಗೆ ಹೋಗುವ ಹೊತ್ತಿಗೆ ರೋಗ ಮೈಯೆಲ್ಲ ಹಬ್ಬಿತ್ತು.

ನೋಡಲು ಮನೆಗೆ ಹೋದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನನ್ನ ದನಿಗೆ ತಿರುಗಿ ಕೇಳಿದಳು: "ನಾದಸ್ವರ ಚೆನ್ನಾಗಿ ಬತ್ತೈತಾ ಸಾರ್? ಜನ ಒತ್ತುತಾರಾ?"

"ಒತ್ತುತಾರಮ್ಮ. ಎಲ್ರೂ ಒತ್ತುತಾರೆ."

ಆಕೆ ದಿಂಬಿನ ಪಕ್ಕ ತಡಕಿ, ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ.

ನಸೀಮಾ ಹೋಗಿ ವರ್ಷವಾಯಿತು. ತಪ್ಪು ನನ್ನೊಬ್ಬನದಲ್ಲ ಎಂದು ಎಷ್ಟು ಸಲ ಹೇಳಿಕೊಂಡರೂ ಸಮಾಧಾನವಿಲ್ಲ. ಆ ಬಟನ್ನನ್ನು ಇವತ್ತಿನವರೆಗೆ ಒಬ್ಬ ಗಿರಾಕಿಯೂ ಒತ್ತಿಲ್ಲ.