ಆಸ್ಪತ್ರೆಗೆ ಬಾರದ ದುಡ್ಡಿನ ಲೆಕ್ಕ

ಈಗಷ್ಟೇ ಬೆಳಕು ಹರಿಯುತ್ತಿದೆ. ಕೋಲಾರದ ಹೊರವಲಯದ ಖಾಸಗಿ ಆಸ್ಪತ್ರೆಯೊಂದರಲ್ಲಿ ಇನ್ನೂ ಕಸ ಗುಡಿಸುತ್ತಿದ್ದಾರೆ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಫೋನ್ ಕಿವಿಗಿಟ್ಟುಕೊಂಡು ವಾಣಿಶ್ರೀ ಹೇಳುತ್ತಿದ್ದಾರೆ: "ಬೇಡ ಡಾಕ್ಟ್ರೇ, ಪೇಷೆಂಟ್ ಊಟ ಮಾಡ್ತಿದಾರಲ್ಲ, ಇಂಜೆಕ್ಷನ್ ಬದ್ಲು ಅದೇ ಔಷಧದ ಮಾತ್ರೆ ಸಾಕು." ಆ ಕಡೆಯವರು ಫೋನ್ ಇಟ್ಟರು. ಥ್ಯಾಂಕ್ಸೂ ಇಲ್ಲ, ಗುಡ್ ಮಾರ್ನಿಂಗೂ ಇಲ್ಲ.

ಬಾಗಿಲ ಮೇಲೆ 'ಔಷಧ ಮಾಹಿತಿ ಕೇಂದ್ರ' ಎಂಬ ಫಲಕವಿದೆ. ಯಾವ ಔಷಧದ ಜೊತೆ ಯಾವುದು ಆಗದು, ಕಿಡ್ನಿ ಸೋತವರಿಗೆ ಎಷ್ಟು ಕೊಡಬೇಕು, ದುಬಾರಿಯದರ ಬದಲು ಅಗ್ಗದ್ದು ನಡೆಯುತ್ತದೆಯೇ ಎಂದು ಡಾಕ್ಟರು, ನರ್ಸುಗಳು ಕೇಳುತ್ತಾರೆ. ಇವರು ಹುಡುಕಿ ಹೇಳುತ್ತಾರೆ. ದಿನಕ್ಕೆ ಹದಿನೈದಿಪ್ಪತ್ತು ಕರೆ. ಟೇಕಲ್‌ನ ರಾಗಿ ಬೆಳೆಯುವ ಮನೆಯಿಂದ ಬಂದು ಫಾರ್ಮಸಿ ಓದಿದ ವಾಣಿಶ್ರೀಗೆ ಇಲ್ಲಿ ಒಂಬತ್ತು ವರ್ಷ. "ಎಲ್ರಿಗೂ ನನ್ ದನಿ ಗೊತ್ತು ಸಾರ್. ಕ್ಯಾಂಟೀನಲ್ಲಿ ಎದುರಿಗೆ ಕೂತ್ರೆ ಯಾರೂ ಗುರುತು ಹಿಡಿಯಲ್ಲ," ಎಂದು ನಗುತ್ತಾರೆ. ನನಗೇನೋ ನಗು ಬರಲಿಲ್ಲ.

ಈ ಕೋಣೆಯಿಂದ ಆಸ್ಪತ್ರೆಗೆ ಏನು ಲಾಭ ಎಂದು ಈಗ ಆಡಳಿತ ಮಂಡಳಿ ಕೇಳಿದೆ. ತಿಂಗಳ ಕೊನೆಗೆ ವಾಣಿಶ್ರೀ ಕೊಡುವ ಉಳಿತಾಯದ ಲೆಕ್ಕ ಒಪ್ಪಿಗೆಯಾಗದಿದ್ದರೆ ಕೋಣೆಗೆ ಬೀಗ. ಪ್ಯಾಕೇಜ್ ದರದ ರೋಗಿಗಳ ಔಷಧದ ಖರ್ಚು ಆಸ್ಪತ್ರೆಯದೇ, ಹಾಗಾಗಿ ಇಂಜೆಕ್ಷನ್ನಿನಲ್ಲಿ ಉಳಿಸಿದ್ದನ್ನು ತೋರಿಸುವುದು ಸುಲಭ. ತೊಡಕಾಗಿರುವುದು ಅಕ್ಕಯಮ್ಮನ ವಿಷಯ.

ಗೌನಿಪಲ್ಲಿಯ ಈ ಅಜ್ಜಿ ಪದೇಪದೇ ತಲೆಸುತ್ತಿ ಬೀಳುತ್ತಿದ್ದರು. ತಲೆಯ ಸ್ಕ್ಯಾನಿಗೆ ಬರೆದಾಗಿತ್ತು. ವಾರ್ಡಿನಿಂದ ಕರೆ ಬಂದಾಗ ವಾಣಿಶ್ರೀ ಫೋನಿನಲ್ಲೇ ಸೊಸೆ ಸುನಂದಾರನ್ನು ತೆಲುಗಿನಲ್ಲಿ ವಿಚಾರಿಸಿದರು. ಗಡಿಯಾಚೆ ಆಂಧ್ರದ ಡಾಕ್ಟರ ಕೈಗುಣವೂ ಒಳ್ಳೆಯದು, ಈಚೆಯವರದೂ ಒಳ್ಳೆಯದು, ಯಾವುದನ್ನು ಬಿಡುವುದು ಎಂದು ಅಜ್ಜಿ ಇಬ್ಬರ ಮಾತ್ರೆಯನ್ನೂ ನುಂಗುತ್ತಿದ್ದರಂತೆ. ಹೆಸರು ಬೇರೆ, ಒಳಗಿನ ಸಕ್ಕರೆ ಕಾಯಿಲೆಯ ಔಷಧ ಒಂದೇ. ದುಪ್ಪಟ್ಟು ಔಷಧಕ್ಕೆ ಸಕ್ಕರೆ ತೀರಾ ಇಳಿಯುತ್ತಿತ್ತು. ವಾಣಿಶ್ರೀ ಹೇಳಿದ ಮೇಲೆ ಡಾಕ್ಟರು ಒಂದನ್ನು ನಿಲ್ಲಿಸಿದರು, ತಲೆಸುತ್ತು ನಿಂತಿತು. ಸ್ಕ್ಯಾನೂ ಬೇಡವಾಯಿತು. ಆ ಸ್ಕ್ಯಾನಿನ ದುಡ್ಡನ್ನೂ ವಾಣಿಶ್ರೀ ಉಳಿತಾಯದ ಲೆಕ್ಕದಲ್ಲಿ ಒಂದು ಸಾಲಾಗಿ ಬರೆದರು.

ಲೆಕ್ಕ ವಿಭಾಗದ ಉಮಾಶಂಕರ್ ಕೆಟ್ಟವರೇನಲ್ಲ. "ಮೇಡಂ, ಅದು ಉಳಿತಾಯ ಅಲ್ಲ. ಪೇಷೆಂಟ್ ಕೊಡ್ಬೇಕಿದ್ದ ಸ್ಕ್ಯಾನ್ ದುಡ್ಡು ನಮ್ಗೆ ಲಾಸ್. ಆ ಸಾಲು ಹೊಡ್ದಾಕಿ, ನಿಮ್ ಕೆಲ್ಸ ಉಳ್ಕೊಳ್ಳತ್ತೆ," ಎಂದಿದ್ದಾರೆ. ಉಂಡ ಮನೆಗೆ ಎರಡು ಬಗೆದಂತಾಯಿತೇ ಎಂದು ವಾಣಿಶ್ರೀ ಯೋಚಿಸಿ ಯೋಚಿಸಿ ಸೋತಿದ್ದಾರೆ. ಕೇಳೋಣವೆಂದರೆ ಆ ಕೋಣೆಯಲ್ಲಿ ಇನ್ನೊಂದು ಜೀವವಿಲ್ಲ. ಊರಿಗೆಲ್ಲ ಉತ್ತರ ಹೇಳುವವರಿಗೆ ಉತ್ತರ ಹೇಳುವವರು ಯಾರು?

"ಆ ಸಾಲು ಹೊಡೆದು ಹಾಕಿದ್ರಾ?" ಎಂದು ಕೇಳಿದೆ.

"ಇಲ್ಲ ಸಾರ್, ಹಂಗೇ ಕಳಿಸ್ದೆ. ಆಯಮ್ಮಂಗೆ ನಾನ್ಯಾರು ಅಂತಾನೇ ಗೊತ್ತಿಲ್ಲ. ಆದ್ರೂ ಬಿದ್ದೋರು ಎದ್ದು ಮನೆಗ್ ಹೋದ್ರಲ್ಲ, ಅದನ್ನ ಲಾಸ್ ಅಂತ ನನ್ ಕೈಯಲ್ಲಿ ಬರಿಯಕ್ಕಾಗಲ್ಲ."