ಪರಾತದ ಆಚೆಯ ಅಂಚು

ಟೀವಿಯಲ್ಲಿ ಚಂಡಮಾರುತದ ಸುದ್ದಿ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕಿರುಚುತ್ತಾರೆಯೇ ಹೊರತು, ಸಮುದ್ರದ ತೆರೆ ಅಷ್ಟೆತ್ತರ ಹೇಗೆ ಬೆಳೆಯಿತೆಂದು ಯಾರೂ ಹೇಳುವುದಿಲ್ಲ. ನಮ್ಮವ್ವ ಇದ್ದಿದ್ದರೆ ಕೇಳದೆ ಬಿಡುತ್ತಿರಲಿಲ್ಲ.

ಅವಳಿದ್ದಾಗ ನಾನು ವಿದ್ಯಾನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಒಂದು ಸಂಜೆ ಇಂಥದೇ ಸುದ್ದಿ ನೋಡುತ್ತ ಅವ್ವ ಕೇಳಿದಳು: “ಉಣಕಲ್ ಕೆರಿ ಮ್ಯಾಲೂ ಗಾಳಿ ಬೀಸತೈತಿ. ಅಲ್ಲ್ಯಾಕ ಇಂಥಾ ತೆರಿ ಏಳೂದಿಲ್ಲ?”

ಅವಳು ಚಹಾವನ್ನು ಬಶಿಗೆ ಸುರಿದುಕೊಂಡು ಊದುತ್ತಿದ್ದಳು. “ನಿನ್ನ ಬಶಿ ನೋಡವ್ವಾ,” ಎಂದೆ. “ಊದಿದ ಕೂಡ್ಲೆ ಸಣ್ಣ ಸುಕ್ಕು ಏಳ್ತಾವ. ಅವುಗಳ ಬೆನ್ನ ಹಿಡಿದು ಗಾಳಿ ಮತ್ತ ನೂಕತೈತಿ, ಅವು ಬೆಳೀತಾವ. ಆದ್ರ ಬೆಳ್ಯಾಕ ಜಾಗಾ ಬೇಕು, ಹೊತ್ತೂ ಬೇಕು. ಬಶಿ ಲಗೂ ಮುಗೀತೈತಿ, ಕೆರೀನೂ ಹಂಗ. ಸಮುದ್ರ ಮುಗಿಯೂದಿಲ್ಲ.”

ಅವ್ವ ನಂಬಲಿಲ್ಲ. ಹಿಟ್ಟು ನಾದುವ ದೊಡ್ಡ ಪರಾತ ತಂದು ನೀರು ತುಂಬಿ ಊದಿದಳು. ಸುಕ್ಕುಗಳು ನಡುವೆಯೇ ಅಳಿಸಿಹೋದವು. “ಇಷ್ಟ ಜಾಗಾಕ್ಕ ನನ್ನ ಗಾಳಿ ಸಾಲೂದಿಲ್ಲ. ನೀನೂ ಬಾ, ಬಾಜೂಕ ಕೂಡು,” ಎಂದಳು. ಇಬ್ಬರೂ ಒಂದೇ ಕಡೆಯಿಂದ ಗಲ್ಲ ಉಬ್ಬಿಸಿ, ನಿಲ್ಲಿಸದೆ ಊದಿದೆವು. ಸುಕ್ಕು ಹೋಗುತ್ತ ಹೋಗುತ್ತ ಬೆಳೆದು, ತೆರೆಯಾಗಿ ಆಚೆಯ ಅಂಚಿಗೆ ಬಡಿಯಿತು. ಅವ್ವ ಉಸಿರು ಸಾಲದೆ ನಕ್ಕಳು. “ಖರೇ ಐತಿ ಬಿಡು.” ಅಷ್ಟರಲ್ಲಿ ಚಹಾ ಆರಿಹೋಗಿತ್ತು.

ನಿನ್ನೆ ಟೀವಿಯಲ್ಲಿ ಮತ್ತೆ ಅದೇ ಕಿರುಚಾಟ. ಬಂದ್ ಮಾಡಿ, ಅದೇ ಪರಾತಕ್ಕೆ ನೀರು ತುಂಬಿ ಊದಿದೆ. ತೆರೆ ಆಚೆಯ ಅಂಚು ಮುಟ್ಟಲಿಲ್ಲ.