ದೇವರ ಪಾಲಿನ ಪಾಯಸ

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಬಂದಮೇಲೆ ನಮ್ಮ ಮನೆಯ ದೇವರುಗಳಿಗೆ ಸಿಹಿಯ ಚಪಲ ಹೆಚ್ಚಾಯಿತು. ಮೊದಲೆಲ್ಲ ಒಂದು ಬಾಳೆಹಣ್ಣಿಗೆ ತೃಪ್ತರಾಗುತ್ತಿದ್ದವರಿಗೆ ಈಗ ಮಂಗಳವಾರ ಸಿಹಿಗಡುಬು, ಶುಕ್ರವಾರ ಹೆಸರುಬೇಳೆ ಪಾಯಸ, ಶನಿವಾರ ತುಪ್ಪ ಒಸರುವ ಸಜ್ಜಿಗೆ. ದೆಹಲಿಯ ಮಯೂರ್ ವಿಹಾರದ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಇವರು ಮಂಗಳಾರತಿ ಮುಗಿಸಿ, ಮಡಿಪಂಚೆಯಲ್ಲೇ ಬಟ್ಟಲು ಹಿಡಿದು ಕೂರುತ್ತಿದ್ದರು. ನಾನು ಹುಬ್ಬೇರಿಸಿದರೆ, "ಪ್ರಸಾದ ಕಣೇ, ಬೇಡ ಅನ್ನಬಾರದು. ಅದು ಊಟದ ಲೆಕ್ಕಕ್ಕೆ ಬರಲ್ಲ" ಎನ್ನುತ್ತಿದ್ದರು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಆಯುಷ್ಯ ಸವೆಸಿದ ಮನುಷ್ಯನಿಗೆ ನಿಯಮದಲ್ಲಿ ಸಂದು ಹುಡುಕುವುದನ್ನು ಯಾರು ಹೇಳಿಕೊಡಬೇಕು!

ದಕ್ಷಿಣ ದೆಹಲಿಯ ಒಂದು ಆಸ್ಪತ್ರೆಯಲ್ಲಿ ಇನ್ಸುಲಿನ್ ಕುರಿತ ಸಂಶೋಧನೆ ನಡೆಯುತ್ತಿದೆ, ಇವರೂ ಸೇರಿದ್ದಾರೆ. ತೋಳಿಗೆ ನಾಣ್ಯದಗಲದ ಬಿಳಿ ಬಿಲ್ಲೆಯೊಂದನ್ನು ಅಂಟಿಸಿದ್ದಾರೆ. ಅದು ಹಗಲೂ ರಾತ್ರಿ ಸಕ್ಕರೆ ಅಳೆಯುತ್ತದೆ. ಇವರನ್ನು ನೋಡಿಕೊಳ್ಳುವ ಡಾಕ್ಟರ್ ಹಾಸನದ ಕಡೆಯ ಹುಡುಗಿ. ಈ ಊರಲ್ಲಿ ಕನ್ನಡ ಮಾತಾಡುವವರು ಸಿಕ್ಕರೆಂದು ಅವಳಿಗೂ ಖುಷಿ, ನಮಗೂ ಖುಷಿ.

ಈ ಸಲ ಹೋದಾಗ ಅವಳು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದಳು. ಬಿಲ್ಲೆ ಅಳೆದ ಸಕ್ಕರೆಯ ಗೆರೆ ಅಲ್ಲಲ್ಲಿ ನೆಟ್ಟಗೆ ಮೇಲೇರಿತ್ತು.

"ಅಂಕಲ್, ಬೆಳಿಗ್ಗೆ ಏನು ತಿಂತೀರ?"

"ಎರಡು ಚಪಾತಿ, ಪಲ್ಯ. ಅಷ್ಟೇ."

"ಸಿಹಿ?"

"ಛೆ ಛೆ, ಬಾಯಿಗೇ ಹಾಕಲ್ಲ."

ಅವಳು ನನ್ನತ್ತ ತಿರುಗಿದಳು. "ಹೌದಾ ಆಂಟಿ?"

ಪಕ್ಕದಲ್ಲಿ ನರ್ಸ್ ನಿಂತಿದ್ದಳು, ಬಾಗಿಲಾಚೆ ಬೆಂಚಿನ ತುಂಬ ಜನ. ಅಷ್ಟು ಮಂದಿಯೆದುರು ಗಂಡನ ಮರ್ಯಾದೆ ತೆಗೆಯುವುದು ಹೇಗೆ? ಹೌದೆಂದು ತಲೆಯಾಡಿಸಿಬಿಟ್ಟೆ. ಆ ಹುಡುಗಿ ನನ್ನನ್ನು ನಂಬಿದಳಲ್ಲ, ಮುಖ ಎತ್ತಲಾಗಲಿಲ್ಲ.

"ಹಾಗಾದ್ರೆ ಈ ಡೋಸ್ ಸಾಲ್ತಾ ಇಲ್ಲ ಅಂಕಲ್. ನಾಳೆಯಿಂದ ಬೆಳಗಿನ ಇನ್ಸುಲಿನ್ ಜಾಸ್ತಿ ಮಾಡೋಣ."

ಸಿಹಿ ಇಲ್ಲದ ದಿನ ಅಷ್ಟು ಇನ್ಸುಲಿನ್ ಚುಚ್ಚಿಕೊಂಡರೆ? ನಮ್ಮ ಕೆಳಮನೆಯವರು ಹಾಗೆಯೇ ಸಕ್ಕರೆ ಇಳಿದು ಮೆಟ್ಟಿಲ ಮೇಲೆ ಕುಸಿದಿದ್ದರು. ಅವರನ್ನು ಎತ್ತಿ ಕೂರಿಸಿದವರೇ ನಮ್ಮವರು. ಅದನ್ನು ಕಣ್ಣಾರೆ ಕಂಡ ಪುಣ್ಯಾತ್ಮ ಈಗ "ಅಚ್ಛಾ, ಮಾಡಿ" ಎಂದು ಗಂಭೀರವಾಗಿ ಹೇಳುತ್ತಿದ್ದಾರೆ! ನನಗೆ ತಡೆಯಲಾಗಲಿಲ್ಲ.

"ಪಾಯಸ ತಿಂತಾರಮ್ಮ!" ಎಂದು ಕಿರುಚಿಯೇಬಿಟ್ಟೆ. "ದೇವರ ಹೆಸರು ಹೇಳ್ಕೊಂಡು ಬಟ್ಟಲುಗಟ್ಟಲೆ ತಿಂತಾರೆ. ಮಂಗಳವಾರ, ಶುಕ್ರವಾರ, ಶನಿವಾರ. ನೋಡು ಬೇಕಾದ್ರೆ."

ಅವಳು ನೋಡಿದಳು. ಗೆರೆ ಏರಿದ್ದೆಲ್ಲ ಆ ದಿನಗಳಲ್ಲೇ. ಯಜಮಾನರ ಕಿವಿ ಕೆಂಪಾಯಿತು, ಕಣ್ಣು ನೆಲ ಬಿಟ್ಟು ಏಳಲಿಲ್ಲ. ಹುಡುಗಿ ಬಯ್ಯಲಿಲ್ಲ. ಡೋಸ್ ಏರಿಸುವುದು ಬೇಡವೆಂದು ನರ್ಸಿಗೆ ಹಿಂದಿಯಲ್ಲಿ ಹೇಳಿ, ಮೆಲ್ಲಗೆ ಕೇಳಿದಳು: "ಮನೇಲಿ ಅಡುಗೆ ಯಾರು ಮಾಡ್ತಾರೆ ಆಂಟಿ?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. "ನಾನೇ," ಎಂದೆ.

ಮೆಟ್ರೋದಲ್ಲಿ ಅವರೇ ಮಾತು ಶುರುಮಾಡಿದರು. "ಹೊರಗೆ ಕೂತವರಿಗೆಲ್ಲ ಕೇಳಿಸ್ತು."

"ಕೇಳಿಸಲಿ ಬಿಡಿ. ನಾಳೆ ಎಲ್ಲಾದ್ರೂ ಬಿದ್ದರೆ ಅವರು ಬಂದು ಎತ್ತುತ್ತಾರಾ?"

"ಸರಿನಮ್ಮ, ನಂದೇ ತಪ್ಪು." ನನ್ನತ್ತ ತಿರುಗಿ ಹೇಳಿದರು, "ಆದ್ರೆ ಒಂದು ದಿನಾನಾದ್ರೂ ನೀನು ಮಾಡಲ್ಲ ಅಂದ್ಯಾ? ಅಂದಿದ್ರೆ ನಾನೇನು ಜಗಳ ಆಡ್ತಿದ್ನಾ?"

ಆಡುತ್ತಿರಲಿಲ್ಲ. ಅದು ನನಗೂ ಗೊತ್ತು. ದೇವರ ಕೆಲಸ, ಹೇಗೆ ಇಲ್ಲವೆನ್ನಲಿ ಎಂದು ಬಾಯಿಗೆ ಬಂದದ್ದನ್ನು ಹೇಳಲು ನಾಚಿಕೆಯಾಯಿತು. ಮದುವೆಯಾದಾಗಿನಿಂದ ಸಾರಿಗೆ ಉಪ್ಪು ಹೆಚ್ಚು, ಪಲ್ಯಕ್ಕೆ ಖಾರ ಕಮ್ಮಿ ಎಂದು ಕೊಂಕು ತೆಗೆದೇ ಉಂಡವರು ಅವರು. ಪಾಯಸದ ಬಟ್ಟಲು ಕೈಗೆ ಬಂದಾಗ ಮಾತ್ರ ಕಣ್ಣು ಮುಚ್ಚಿಕೊಂಡು, "ಆಹಾ! ಈ ರುಚಿ ಬೇರೆ ಯಾರ ಕೈಗೂ ಬರಲ್ಲ ಕಣೇ" ಎನ್ನುತ್ತಿದ್ದರು. ಅದನ್ನು ಕೇಳುವ ಆಸೆಗೆ ಇನ್ನೊಂದಿಷ್ಟು ಬೆಲ್ಲ ಹಾಕುತ್ತಿದ್ದೆ. ನಿನಗೆ ಗಂಡನ ಜೀವ ಹೆಚ್ಚೋ ಆ ಹೊಗಳಿಕೆ ಹೆಚ್ಚೋ ಎಂದು ಯಾರಾದರೂ ಕೇಳಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. ಆದರೂ ವಾರಕ್ಕೆ ಮೂರು ಸಲ ಒಲೆ ಹಚ್ಚುತ್ತಿದ್ದವಳು ನಾನೇ.